ವರದರಾಜ ಮೇಷ್ಟ್ರ ಪ್ರಸ್ಥಾನ

ಹಡಗು ಮಂಗಳವಾರ ಹೊರಡುತ್ತಿತ್ತು. ವರದರಾಜ ಮೇಷ್ಟ್ರ ಕಷ್ಟವೆಲ್ಲ ಶುರುವಾದದ್ದು ಅಲ್ಲಿಂದ. ಅದೇನಾದರೂ ಗುರುವಾರ ಹೊರಟಿದ್ದರೆ ಮೇಷ್ಟ್ರು ತಮ್ಮ ಪಾಡಿಗೆ ಹೋಗಿ, ದ್ವೀಪಗಳನ್ನು ನೋಡಿಕೊಂಡು ಬಂದು, ತಣ್ಣಗೆ ಪಾಠ ಮಾಡಿಕೊಂಡಿರುತ್ತಿದ್ದರು.

ಹೊಳೆನರಸೀಪುರದ ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷದಿಂದ ಭೂಗೋಳ ಹೇಳುತ್ತಿದ್ದ ಮೇಷ್ಟ್ರು ಸೀಮೆಸುಣ್ಣ ಎತ್ತದೆ ಒಂದೇ ಗೆರೆಯಲ್ಲಿ ಇಡೀ ದೇಶದ ಕರಾವಳಿ ಬರೆಯುತ್ತಿದ್ದರು. ಗೆರೆ ಮುಗಿದ ಮೇಲೆ ಪಕ್ಕದಲ್ಲಿ ಟಿಕ್ ಟಿಕ್ ಎಂದು ಚುಕ್ಕಿ ಇಡುತ್ತ, "ಇವೆಲ್ಲ ದ್ವೀಪಗಳು" ಎನ್ನುತ್ತಿದ್ದರು. ಆದರೆ ಅವರು ಸಮುದ್ರವನ್ನೇ ನೋಡಿರಲಿಲ್ಲ. ಒಮ್ಮೆ ಹೊರಟಾಗ ಜ್ವರ ಬಂದಿತ್ತು, ಒಮ್ಮೆ ಚುನಾವಣೆಯ ಡ್ಯೂಟಿ ಬಿದ್ದಿತ್ತು, ಇನ್ನೊಮ್ಮೆ ಶಾಲೆಯ ಪ್ರವಾಸದ ಬಸ್ಸು ಸಕಲೇಶಪುರದಲ್ಲೇ ಕೆಟ್ಟು ಮಕ್ಕಳಿಗೆಲ್ಲ ಅಲ್ಲಿಯ ಕೋಟೆ ತೋರಿಸಿ ವಾಪಸ್ಸು ಕರೆತಂದಿದ್ದರು. ಈ ಗುಟ್ಟು ಯಾರಿಗೂ ಗೊತ್ತಿರಲಿಲ್ಲ, ಹೋದ ತಿಂಗಳು ಎಂಟನೇ ತರಗತಿಯ ನಿಧಿ ಎದ್ದು ನಿಲ್ಲುವವರೆಗೆ.

"ಸಾ, ದ್ವೀಪ ನೀರಿನ ಮೇಲೆ ತೇಲ್ತಾ ಇರುತ್ತಾ, ಇಲ್ಲ ತಳದಲ್ಲಿ ಅಂಟ್ಕೊಂಡಿರುತ್ತಾ?"

"ಅಂಟ್ಕೊಂಡಿರುತ್ತಮ್ಮ. ನೀರಲ್ಲಿ ಮುಳುಗಿರೋ ಬೆಟ್ಟದ ತಲೆ ಅದು."

"ನೀವು ನೋಡಿದ್ದೀರಾ ಸಾ?"

ಮೇಷ್ಟ್ರಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ಕೆಮ್ಮಿದರು, ಕನ್ನಡಕ ಒರೆಸಿದರು, ಕಿಟಕಿಯಾಚೆ ನೋಡಿದರು. ಅಷ್ಟರಲ್ಲಿ ಗಂಟೆ ಹೊಡೆಯಿತು. ನಿಧಿ ಮಾತ್ರ ಪುಸ್ತಕ ಎತ್ತಿಡುತ್ತ ಅವರ ಮುಖವನ್ನೇ ನೋಡುತ್ತಿದ್ದಳು. ಅವಳು ಬೇರೆ ಯಾರೂ ಅಲ್ಲ, ಮೇಷ್ಟ್ರ ಬೀದಿಯಲ್ಲೇ ಮೂರು ಮನೆ ಆಚೆಗಿದ್ದ, ಲೈನ್‌ಮನ್ ಕೆಲಸದಿಂದ ನಿವೃತ್ತನಾದ ತಮ್ಮಯ್ಯನ ಮೊಮ್ಮಗಳು. ದಿನಾ ಬೆಳಿಗ್ಗೆ ಹಾಲು ತರುವಾಗ ಎದುರಾಗುವವಳು. ಆ ಪ್ರಶ್ನೆ ಹಾಲಿನ ಜೊತೆಗೇ ದಿನಾ ಎದುರಾಯಿತು.

ಅದೇ ವಾರ ಹಳ್ಳಿಮೈಸೂರಿನ ಅನಿಲ್‌ಕುಮಾರನ ಫೋನು ಬಂದದ್ದು ದೇವರೇ ಮಾಡಿಸಿದ ಹಾಗಿತ್ತು. ಅನಿಲ್‌ಕುಮಾರ ಹನ್ನೆರಡು ವರ್ಷದ ಹಿಂದಿನ ಶಿಷ್ಯ. ಎಲ್ಲ ವಿಷಯದಲ್ಲೂ ಫೇಲಾಗುತ್ತಿದ್ದವನನ್ನು ಮೇಷ್ಟ್ರು ಸಂಜೆ ಮನೆಗೆ ಕರೆತಂದು, ಹೆಂಡತಿ ಶರ್ವಾಣಿಯ ಕೈಯಲ್ಲಿ ಉಪ್ಪಿಟ್ಟು ಕೊಡಿಸಿ, ದಿನಕ್ಕೊಂದು ನಕ್ಷೆ ಬರೆಸಿದ್ದರು. ಅವನೀಗ ಸಾಗರಮಲ್ಲಿ ಎಂಬ ಪುಟ್ಟ ಹಡಗಿನಲ್ಲಿ ಎಂಜಿನ್ ನೋಡಿಕೊಳ್ಳುತ್ತಿದ್ದ.

"ಇಪ್ಪತ್ತೆರಡೇ ಜನ ಸಾ, ದೊಡ್ಡ ಹಡಗಲ್ಲ. ಮಲ್ಪೆಯಿಂದ ಒಲ್ಟು ಕಾರವಾರದ್ ಗಂಟ ದಡದ ಪಕ್ಕದಲ್ಲೇ ಓಯ್ತೀವಿ. ಮೂರು ದಿವ್ಸ. ದಾರೀಲಿ ಸಿಕ್ಕೋ ದ್ವೀಪದತ್ರ ಎಲ್ಲಾ ನಿಲ್ಸಿ, ಸಣ್ಣ ದೋಣೀಲಿ ಕರ್ಕೊಂಡೋಗಿ ಇಳಿಸ್ತೀವಿ. ಕೆಲಸದವರು ವರ್ಸಕ್ಕೆ ಒಬ್ರನ್ನ ಪುಕ್ಕಟೆ ಕರ್ಸ್ಕೋಬೌದು. ನಮ್ಮಪ್ಪ ನೀರು ಕಂಡ್ರೆ ಎದುರ್ಕತಾರೆ. ನೀವು ಬನ್ನಿ ಸಾ. ಕರಾವಳಿ ಗೆರೆ ಎಳೆಯಕ್ಕೆ ಕಲ್ಸಿದ್ದು ನೀವೇ. ಈಗ ನಾನು ಆ ಗೆರೆ ಮೇಲೆ ಓಡಾಡ್ಕಂಡು ಅನ್ನ ತಿಂತಿವ್ನಿ."

ಫೋನಿಟ್ಟ ಮೇಲೆ ಮೇಷ್ಟ್ರು ಹೆಂಡತಿಗೆ ಹೇಳಲು ಹೋಗಿ, ಮಾತಿನ ಬದಲು ಅಡಿಗೆಮನೆಯ ಗೋಡೆಯ ಮೇಲೆ ಬೆರಳಿನಲ್ಲೇ ಕರಾವಳಿ ಬರೆದು ತೋರಿಸಿದರು. ಶರ್ವಾಣಿ, "ಗೋಡೆ ಕೊಳೆಯಾಗುತ್ತೆ. ಹೋಗ್ಬನ್ನಿ" ಎಂದಳು. ಆಕೆಯ ಕಣ್ಣಲ್ಲೂ ನೀರಿತ್ತು.

ಒಪ್ಪಬೇಕಾದವರು ಕನಕತ್ತೆ. ಮೇಷ್ಟ್ರ ಸೋದರತ್ತೆ ಕನಕಲಕ್ಷ್ಮಿಗೆ ಎಂಬತ್ತೆರಡು ವರ್ಷ. ಕಿವಿ ಸ್ವಲ್ಪ ಮಂದ, ಪಂಚಾಂಗ ಬಹಳ ಚುರುಕು.

"ಸಮುದ್ರಯಾನ ನಮ್ಮಲ್ಲಿಲ್ಲ ಕಣೋ ವರದ."

"ದಡ ಕಾಣಿಸ್ತಾನೇ ಇರುತ್ತತ್ತೆ."

ಕನಕತ್ತೆ ಯೋಚಿಸಿದರು. "ಹಾಗಿದ್ರೆ ಅರ್ಧ ದೋಷ. ಬಂದ ಮೇಲೆ ನೋಡ್ಕೊಳ್ಳೋಣ. ಯಾವ ವಾರ?"

"ಮಂಗಳವಾರ."

"ಹಡಗು ಯಾವ ದಿಕ್ಕಿಗೆ ಹೋಗುತ್ತೆ?"

"ಉತ್ತರಕ್ಕೆ."

ಕನಕತ್ತೆ ಪಂಚಾಂಗ ಮುಚ್ಚಿಬಿಟ್ಟರು. ಮಂಗಳವಾರ ಉತ್ತರಕ್ಕೆ ಶೂಲ, ಆ ದಿಕ್ಕಿಗೆ ಹೊರಡಬಾರದು. ಆದರೆ ಅಳಿಯನ ಮುಖ ಒಣಗಿದ ಬದನೆಕಾಯಿಯಂತೆ ಆದದ್ದನ್ನು ನೋಡಿ ಅವರಿಗೂ ತಡೆಯಲಾಗಲಿಲ್ಲ. ಎತ್ತಿ ಬೆಳೆಸಿದ ಮಗು ತಾನೆ. "ಪ್ರಸ್ಥಾನ ಇಟ್ಟುಬಿಡೋಣ" ಎಂದರು.

ದಿನ ಸರಿಯಿಲ್ಲದಾಗ ಹೊರಡಲೇಬೇಕಾದವರಿಗೆ ಹಿರಿಯರು ಮಾಡಿಟ್ಟ ಉಪಾಯ ಅದು. ಹಿಂದಿನ ದಿನವೇ ಒಳ್ಳೆಯ ಹೊತ್ತು ನೋಡಿ, ಹೊರಡುವವರ ಗಂಟನ್ನು ಹೋಗುವ ದಿಕ್ಕಿನಲ್ಲಿರುವ ಯಾರದಾದರೂ ಮನೆಯಲ್ಲಿ ಇಟ್ಟುಬಿಡುವುದು. ಗಂಟು ಹೊರಟರೆ ಮನುಷ್ಯ ಹೊರಟ ಹಾಗೆ. ಮಾರನೆಯ ದಿನ ಆತ ಅಲ್ಲಿಗೆ ಹೋಗಿ ಗಂಟು ಎತ್ತಿಕೊಂಡು ಮುಂದೆ ನಡೆಯುತ್ತಾನೆ. ಕೆಟ್ಟ ದಿನಕ್ಕೆ ಏನೂ ಗೊತ್ತಾಗುವುದಿಲ್ಲ.

"ಆದ್ರೆ ಒಂದು," ಎಂದು ಕನಕತ್ತೆ ಬೆರಳೆತ್ತಿದರು. "ಗಂಟು ಅಂದ್ರೆ ನೀನೇ. ಮಂಗಳವಾರ ಬೆಳಿಗ್ಗೆ ಹೊಸಿಲು ದಾಟಿದ ಮೇಲೆ, ಗಂಟು ಯಾತ್ರೆ ಮುಗಿಸಿ ತಿರುಗಿ ಬರೋವರೆಗೂ ನೀನು ಒಳಗೆ ಕಾಲಿಡೋ ಹಾಗಿಲ್ಲ."

"ಯಾಕತ್ತೆ ಕಾಲಿಡ್ತೀನಿ, ಹಡಗಲ್ಲಿರ್ತೀನಿ" ಎಂದು ಮೇಷ್ಟ್ರು ನಕ್ಕರು.

ಗಂಟು ಎಂದರೆ ಚನ್ನರಾಯಪಟ್ಟಣದ ತವರಿನವರು ಶರ್ವಾಣಿಗೆ ಕೊಟ್ಟಿದ್ದ ನೀಲಿ ಬ್ಯಾಗು. ಅದರಲ್ಲಿ ಮೂರು ಜೊತೆ ಬಟ್ಟೆ, ಟವಲು, ಒಂದು ಡಬ್ಬಿ ಪುಳಿಯೋಗರೆ, ಹಡಗಿನ ಪಾಸು, ಆಧಾರ್ ಕಾರ್ಡು. "ಕೈಯಲ್ಲಿ ಹಿಡ್ಕೊಂಡ್ರೆ ಎಲ್ಲಾದ್ರೂ ಇಟ್ಟು ಮರೀತೀರಿ" ಎಂದು ಶರ್ವಾಣಿಯೇ ಕಾರ್ಡನ್ನು ಬ್ಯಾಗಿನ ಒಳಜೇಬಿಗೆ ಹಾಕಿ ಜಿಪ್ ಎಳೆದಿದ್ದಳು. ಅಸಲಿ ಕಾರ್ಡು ತೋರಿಸದೆ ಹಡಗು ಹತ್ತಿಸುವುದಿಲ್ಲ ಎಂದು ಅನಿಲ್‌ಕುಮಾರ ಮೂರು ಸಲ ಹೇಳಿದ್ದ. ಮೇಷ್ಟ್ರು ತಮ್ಮ ಹೆಸರು, ಹಡಗಿನ ಹೆಸರು ಬರೆದ ಚೀಟಿಯನ್ನು ಬ್ಯಾಗಿನ ಮೇಲೆ ಅಂಟಿಸಿದರು. ಕನಕತ್ತೆ ಬ್ಯಾಗಿನ ಹಣೆಗೆ ಕುಂಕುಮವಿಟ್ಟು, ಹಿಡಿಗೆ ಅರಿಶಿನದ ದಾರ ಕಟ್ಟಿದರು. ಸೋಮವಾರ ಸಂಜೆ ನಾಲ್ಕೂವರೆಗೆ ಅದು, ಮೊದಲು ಹೋಗಬೇಕಾದ ಮಲ್ಪೆಯ ದಿಕ್ಕೆಂದು, ಪಶ್ಚಿಮಕ್ಕೆ ಮೂರು ಮನೆ ಆಚೆ, ತಮ್ಮಯ್ಯನ ಮನೆಯ ನಡುಮನೆಯಲ್ಲಿ ಮಣೆಯ ಮೇಲೆ ಕೂತಿತು.

ಮಂಗಳವಾರ ಬೆಳಿಗ್ಗೆ ಐದೂವರೆಗೆ ಮೇಷ್ಟ್ರು ಸ್ನಾನ ಮಾಡಿ, ಕೈ ಬೀಸಿಕೊಂಡು ಹೊಸಿಲು ದಾಟಿದರು. ಆರರ ಬಸ್ಸಿಗೆ ಹಾಸನ, ಎಂಟರ ಬಸ್ಸಿಗೆ ಉಡುಪಿ, ಎರಡು ಗಂಟೆಗೆ ಮಲ್ಪೆ. ನಾಲ್ಕಕ್ಕೆ ಹಡಗು. ನಕ್ಷೆಯ ಹಾಗೆ ಎಲ್ಲ ಸ್ಪಷ್ಟವಾಗಿತ್ತು.

ತಮ್ಮಯ್ಯ ಬಾಗಿಲಲ್ಲೇ ನಿಂತಿದ್ದ. ಮುಖದಲ್ಲಿ ದೊಡ್ಡ ಉಪಕಾರ ಮಾಡಿದವನ ಕಳೆ.

"ಬ್ಯಾಗು ಕೊಡಪ್ಪ ತಮ್ಮಯ್ಯ."

"ಇಲ್ಲಿಲ್ಲ ಸಾ. ಒಳ್ಳೇದೇ ಆಯ್ತು ಅನ್ಕೊಳಿ."

"ಎಲ್ಲಿ ಹೋಯ್ತು?"

"ನಮ್ ನಿಧಿ ಪೋನಲ್ಲಿ ದಿಕ್ಕು ನೋಡುದ್ಲು ಸಾ. ನೀವೇ ಕಲ್ಸಿದ್ರಂತಲ್ಲ ಓದ್ವಾರ. ನಮ್ಮನೆ ನಿಮ್ಮನೆಗೆ ಪಶ್ಚಿಮಕ್ಕಿಲ್ವಂತೆ. ಬೀದಿ ಓರೆಯಾಗದೆ. ನೈಋತ್ಯ."

ಹಿಂದಿನಿಂದ ನಿಧಿ ಹೆಮ್ಮೆಯಿಂದ ತಲೆ ಹಾಕಿದಳು. "ಇನ್ನೂರ ಮೂವತ್ತೊಂದು ಡಿಗ್ರಿ ಸಾ."

"ನೈಋತ್ಯ ಅಂದ್ರೆ ರಾಕ್ಷಸರ ಮೂಲೆ. ಅಲ್ಲಿ ನಿಮ್ಮ ಪರಸ್ತಾನ ಮಡಗಿ ನಾಳೆ ನೀರಲ್ಲಿ ಏನಾರ ಎಚ್ಚುಕಮ್ಮಿ ಆದ್ರೆ ನಾನು ಶರ್ವಾಣಮ್ಮೋರಿಗೆ ಮಕ ತೋರ್ಸದೆಂಗೆ ಸಾ? ಅದಕ್ಕೇ ನೆನ್ನೆ ಸಂಜೆ ನಮ್ ಬೀಗರು ಬಂದಿದ್ರಲ್ಲ, ಅರಕಲಗೂಡು ರಾಮಣ್ಣ, ಅವರ ಕೈಲಿ ಕಳಿಸ್ಬುಟ್ಟೆ. ಅರಕಲಗೂಡು ಇಲ್ಲಿಗೆ ನೆಟ್ಟಗೆ ಪಶ್ಚಿಮ. ಒಂದ್ ಕೂದ್ಲೆಳೆ ಆಚೀಚೆ ಇಲ್ಲ."

ಮೇಷ್ಟ್ರು ಮನಸ್ಸಿನಲ್ಲೇ ನಕ್ಷೆ ತೆರೆದರು. ಅರಕಲಗೂಡು ನೇರ ಪಶ್ಚಿಮವೇ ನಿಜ. ಹತ್ತಕ್ಕೆ ಹತ್ತು ಅಂಕ ಕೊಡಬೇಕಾದ ಉತ್ತರ. ಆದರೆ ಬಸ್ಸು ಹೋಗುವುದು ಹಾಸನದ ಮೇಲೆ.

"ಅಲ್ಲಯ್ಯ, ನನ್ನ ಕಾರ್ಡೂ ಅದರಲ್ಲೇ ಇದೆ."

ತಮ್ಮಯ್ಯ ತಕ್ಷಣ ಬೀಗರ ಮನೆಗೆ ಫೋನು ಮಾಡಿದ. ಎತ್ತಿದ್ದು ರಾಮಣ್ಣನ ಹೆಂಡತಿ ಪುಟ್ಟತಾಯಮ್ಮ. "ಐತೆ ಕಣಣ್ಣ, ದೇವ್ರ ಮುಂದೆ ಮಡ್ಗಿ ಊವ ಏರ್ಸಿದೀನಿ. ಮೇಷ್ಟ್ರು ಬರ್ಲಿ, ತಿಂಡಿ ಮಾಡ್ತಾ ಇವ್ನಿ."

ತಮ್ಮಯ್ಯ ತಾನೇ ಬಸ್ ಸ್ಟ್ಯಾಂಡಿನವರೆಗೆ ಸ್ಕೂಟರಿನಲ್ಲಿ ಬಿಟ್ಟು, ಅರಕಲಗೂಡಿನ ಬಸ್ಸು ಹತ್ತಿಸಿ, ಕಿಟಕಿಯಿಂದ ಎರಡು ಬಾಳೆಹಣ್ಣು ಕೊಟ್ಟ. ಇಂಥವನ ಮೇಲೆ ಕೋಪ ಮಾಡಿಕೊಳ್ಳುವುದು ಹೇಗೆ ಎಂದು ಮೇಷ್ಟ್ರಿಗೆ ತಿಳಿಯಲಿಲ್ಲ. ಹಣ್ಣು ತಿಂದರು.

ಏಳೂವರೆಗೆ ಅರಕಲಗೂಡಿನಲ್ಲಿ ಇಳಿದಾಗ ರಾಮಣ್ಣ ಬಸ್ ಸ್ಟ್ಯಾಂಡಿಗೇ ಬಂದು ಕಾಯುತ್ತಿದ್ದ. ಬಿಳಿ ಪಂಚೆ, ಹೆಗಲ ಮೇಲೆ ಟವಲು, ಕೈ ಖಾಲಿ.

"ಬ್ಯಾಗು ಮನೇಲಿದೆಯಾ ರಾಮಣ್ಣನೋರೆ?"

"ಬನ್ನಿ ಸಾ, ಮೊದ್ಲು ತಿಂಡಿ."

ಮನೆಗೆ ಹೋದರೆ ದೇವರ ಮುಂದೆ ಮಣೆಯಿತ್ತು, ಮಣೆಯ ಮೇಲೆ ಸೇವಂತಿಗೆ ಹೂವಿತ್ತು, ಬ್ಯಾಗಿರಲಿಲ್ಲ. ಪುಟ್ಟತಾಯಮ್ಮನೂ ಆಗಲೇ ನೋಡಿದ್ದು. "ಅಯ್ಯೋ, ಇಲ್ಲೇ ಇತ್ತಲ್ಲ ಕಣ್ರೀ" ಎಂದು ಗಂಡನ ಮುಖ ನೋಡಿದಳು.

ರಾಮಣ್ಣ ಮೀಸೆ ತಿರುವಿದ. "ನಿಮ್ಗೇನೇಳದು ಸಾ. ಕೋಳಿ ಕೂಗೋ ಒತ್ಗೆ ಎಚ್ಚರಾಯ್ತು. ಅಲ್ಲಾ, ಮೇಷ್ಟ್ರು ಬಸ್ ಅತ್ತಾದು ಆಸನದಲ್ಲಿ, ಬ್ಯಾಗಿರಾದು ನಮ್ಮನೇಲಿ, ಪಾಪ ಇಲ್ಲಿಗಂಟ ಬರಾದ್ಯಾಕೆ ಅಂತ ಒಳೀತು. ನಮ್ ಪಕ್ಕದ ಬೀದಿ ದೇವರಾಜ ತರಕಾರಿ ಗಾಡಿ ಒಡೀತಾನೆ. ಆರ್ ಗಂಟೆಗೆ ಆಸನಕ್ಕೆ ಒಲ್ಟಿದ್ದ. ಅವನ ಕೈಲಿ ಕೊಟ್ಬುಟ್ಟೆ. ಆಸನದ ಮಾರ್ಕೆಟ್ಟಲ್ಲಿ ಇಸ್ಕಳಿ. ನಿಮ್ಗೆ ಮೂವತ್ ಕಿಲೋಮೀಟ್ರು ತಪ್ತು."

"ನಾನು ಬಂದಾಯ್ತಲ್ಲ ರಾಮಣ್ಣನೋರೆ."

"ಅದೇ ನಂಗೂ ಬ್ಯಾಸರ ಸಾ. ನೀವು ಬಸ್ ಅತ್ತಿದ್ದು ಗೊತ್ತಾಗದ್ರೊಳ್ಗೆ ಗಾಡಿ ಓಗ್ಬುಟ್ಟಿತ್ತು."

"ದೇವರಾಜನಿಗೆ ಒಂದು ಫೋನು ಮಾಡಿ."

"ಗಾಡಿ ಒಡೆಯೋವಾಗ ಪೋನು ಎತ್ತಲ್ಲ ಸಾ ಅವ್ನು. ಬೋ ನಿಯತ್ತಿನ ಮನ್ಸ."

ಮೇಷ್ಟ್ರು ಎದ್ದರು. ಪುಟ್ಟತಾಯಮ್ಮ ತಟ್ಟೆ ಹಿಡಿದು ಬಾಗಿಲಿಗೆ ಅಡ್ಡ ನಿಂತಳು. ಅಕ್ಕಿರೊಟ್ಟಿ, ಅವರೆಕಾಳಿನ ಸಾರು, ಪಕ್ಕದಲ್ಲಿ ಕೈಯಗಲದ ಬೆಣ್ಣೆ. "ನಮ್ ನಿಧಿಗೆ ಪಾಟ ಏಳೋ ಮೇಷ್ಟ್ರು ಮನೆಗ್ ಬಂದು ಅಂಗೇ ಓದ್ರೆ ನನ್ ಮಗಳು ನನ್ನ ಮಾತಾಡ್ಸ್ತಾಳಾ?" ಎಂದಳು. ಆಕೆ ನಾಲ್ಕು ಗಂಟೆಗೆ ಎದ್ದು ಕಾಳು ಸುಲಿದಿದ್ದಳು. ಮೇಷ್ಟ್ರು ಕೂತರು. ಒಂದು ರೊಟ್ಟಿ ಎಂದರು, ಮೂರು ತಿಂದರು. ರೊಟ್ಟಿ ಅಷ್ಟು ಮೆತ್ತಗಿತ್ತು, ಅದೂ ಅವರ ತಪ್ಪಲ್ಲ. ಎಂಟೂಕಾಲಿಗೆ ಹಾಸನದ ಬಸ್ಸು ಹತ್ತಿದಾಗ ಹೊಟ್ಟೆ ಮಾತ್ರ ಯಾತ್ರೆಗೆ ಪೂರ್ತಿ ಸಿದ್ಧವಾಗಿತ್ತು.

ದಾರಿಯುದ್ದಕ್ಕೂ ಆಲೂಗಡ್ಡೆ ಹೊಲಗಳು ಹಿಂದಕ್ಕೆ ಓಡುತ್ತಿದ್ದವು. ಮೇಷ್ಟ್ರು ಕಣ್ಣು ಮುಚ್ಚಿ ಅನಿಲ್‌ಕುಮಾರ ಹೇಳಿದ್ದನ್ನು ನೆನೆಸಿಕೊಂಡರು. ಮೊದಲ ದಿನ ಸಂಜೆ, ಸೂರ್ಯ ಮುಳುಗುವ ಹೊತ್ತಿಗೆ, ಕಂಬಗಳನ್ನು ಒಟ್ಟಿಟ್ಟ ಹಾಗೆ ಎದ್ದುನಿಂತ ಕರಿಬಂಡೆಗಳ ದ್ವೀಪ. ಲಾವಾರಸ ತಣ್ಣಗಾಗಿ ಆದದ್ದು ಎಂದು ಅವರೇ ಇಪ್ಪತ್ತೆಂಟು ಸಲ ಪಾಠ ಮಾಡಿದ್ದರು. ಅದರ ಮೇಲೆ ಒಂದು ಸಲ ಕೈ ಇಟ್ಟು ನೋಡಬೇಕು. ಅಷ್ಟೇ. ಬಂದು ನಿಧಿಗೆ ಹೇಳಬೇಕು: ನೋಡಿದೀನಮ್ಮ, ಮುಟ್ಟಿದೀನಿ.

ಹಾಸನದಲ್ಲಿ ಇಳಿದಾಗ ಒಂಬತ್ತೂ ಇಪ್ಪತ್ತು. ತರಕಾರಿ ಮಾರ್ಕೆಟ್ಟಿಗೆ ಓಡಿದರು. ದೇವರಾಜನ ಗಾಡಿ ನಿಲ್ಲುವ ಜಾಗದಲ್ಲಿ ಕೋಸಿನ ಎಲೆಗಳು ಬಿದ್ದಿದ್ದವು, ಗಾಡಿಯಿರಲಿಲ್ಲ. ಸೊಪ್ಪು ಮಾರುತ್ತಿದ್ದಾಕೆ ಹೇಳಿದಳು, "ಲೋಡ್ ಮಾಡ್ಕಂಡು ಆಗ್ಲೇ ಉಡುಪಿಗೆ ಓದ ಕಣ್ ಸಾ. ಮುಂದ್ಗಡೆ ಸೀಟಲ್ಲಿ ಯಾವ್ದೋ ಬ್ಯಾಗಿಗೆ ಬೆಲ್ಟ್ ಕಟ್ಟಿದ್ದ. ಕುಂಕುಮ ಇಟ್ಟಿತ್ತು."

ಮೇಷ್ಟ್ರು ಮತ್ತೆ ಬಸ್ ಸ್ಟ್ಯಾಂಡಿಗೆ ಓಡುತ್ತಲೇ ರಾಮಣ್ಣ ಕೊಟ್ಟಿದ್ದ ನಂಬರಿಗೆ ಏಳನೆಯ ಸಲ ಫೋನು ಮಾಡಿದರು. ಈ ಸಲ ಎತ್ತಿದ.

"ಸಕಲೇಶಪುರದಲ್ಲಿ ಟೀ ಕುಡೀತಾ ಇವ್ನಿ ಸಾ, ಅದಕ್ಕೆ ಎತ್ದೆ. ನಿಮ್ ಬ್ಯಾಗ್ ಮೇಲೆ ಅಡಗಿನ ಚೀಟಿ ಐತಲ್ಲ, ಓದ್ಕಂಡೆ. ನಾನೂ ಅತ್ಲಾಗೇ ಓಗನು, ಮೇಷ್ಟ್ರು ಯಾಕೆ ಒತ್ಕೊಂಡು ಬರ್ಬೇಕು, ಅಡಗಿಗೇ ತಲುಪಿಸ್ಬುಡಾನ ಅಂತ ತಕ್ಕೊಂಡು ಬಂದೆ. ನೀವು ಕೈಬೀಸ್ಕಂಡು ಬನ್ನಿ ಸಾ."

ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು. ಅನಿಲ್‌ಕುಮಾರನಿಗೆ ಫೋನು ಮಾಡಿದರು. ಬ್ಯಾಗು ಬಂದರೆ ಇಸಿದುಕೊಂಡು ಕಾರ್ಡು ತೋರಿಸಿ ಎಲ್ಲ ಬರೆಸಿಡುತ್ತೇನೆ, ನೀವು ನಾಲ್ಕಕ್ಕೆ ಮುಂಚೆ ಹಡಗು ನಿಲ್ಲುವ ದಕ್ಕೆಗೆ ಬಂದರೆ ಸಾಕು ಎಂದ. ಒಂಬತ್ತೂ ಮುಕ್ಕಾಲಿನ ಉಡುಪಿ ಬಸ್ಸು ಎದುರಿಗೇ ನಿಂತಿತ್ತು. ಮೂರೂವರೆಗೆ ಉಡುಪಿ, ಆಟೋ ಹಿಡಿದರೆ ಹತ್ತು ನಿಮಿಷ ಇರುವಂತೆ ಮಲ್ಪೆ. ಮೇಷ್ಟ್ರು ಹತ್ತಿ ಕೂತರು. ಕಿಟಕಿ ಪಕ್ಕದ ಸೀಟೇ ಸಿಕ್ಕಿತು. ದೇವರಾಜ, ರಾಮಣ್ಣ, ತಮ್ಮಯ್ಯ, ಎಲ್ಲರನ್ನೂ ಮನಸ್ಸಿನಲ್ಲೇ ಹರಸಿದರು. ಕಂಡಕ್ಟರು ರೈಟ್ ಹೇಳಿದ.

ಆಗ ಬಸ್ಸಿನ ಬದಿಯನ್ನು ಯಾರೋ ಧಪಧಪ ಬಡಿದರು.

"ಸಾ, ಇಳೀರಿ ಸಾ, ಇಳೀರಿ."

ತಮ್ಮಯ್ಯ. ಅವನ ಹಿಂದೆ ಸ್ಕೂಟರಿನಿಂದ ಇಳಿಯುತ್ತಿದ್ದವನು ರಾಮಣ್ಣ. ಮನಸ್ಸು ತಡೆಯದೆ ತಮ್ಮಯ್ಯ ಅರಕಲಗೂಡಿಗೆ ಹೋಗಿ, ಬೀಗರನ್ನು ಕೂರಿಸಿಕೊಂಡು, ಮೂವತ್ತು ಕಿಲೋಮೀಟರು ಬೀಸಿಕೊಂಡು ಬಂದಿದ್ದ. ಇಬ್ಬರ ತಲೆಕೂದಲೂ ಗಾಳಿಗೆ ನೆಟ್ಟಗೆ ನಿಂತಿತ್ತು. ಅವರ ಮುಖದ ಆತುರ ನೋಡಿದ ಮೇಷ್ಟ್ರು, ಮನೆಯಲ್ಲಿ ಏನಾಯಿತೋ, ಅತ್ತೆಗೇನಾಯಿತೋ ಎಂದು ಜನರನ್ನು ದಾಟಿಕೊಂಡು ಕೆಳಗಿಳಿದರು.

"ಏನಾಯ್ತು ತಮ್ಮಯ್ಯ?"

ತಮ್ಮಯ್ಯ ಏದುಸಿರು ಬಿಡುತ್ತ ಎದೆ ಮೇಲೆ ಕೈಯಿಟ್ಟುಕೊಂಡ. "ಸಿಕ್ತು ಸಾ."

"ಏನು?"

"ಬ್ಯಾಗು. ದೇವರಾಜ ಈಗ ಪೋನ್ ಮಾಡಿದ್ದ. ಬ್ಯಾಗ್ ಇಲ್ದೆ ನೀವು ಸುಮ್ನೆ ಉಡುಪಿ ಬಸ್ಸು ಅತ್ಬುಟ್ರೆ ಏನ್ ಗತಿ ಅಂತ ಓಡ್ಬಂದೋ."

"ಎಲ್ಲಿದೆಯಂತೆ?"

"ಉಡುಪಿ ಕಡೆ ಓಯ್ತಾ ಐತಂತೆ."

ಮೇಷ್ಟ್ರು ನಿಧಾನವಾಗಿ ಹಿಂದಕ್ಕೆ ತಿರುಗಿದರು. ಉಡುಪಿಯ ಬಸ್ಸು ಸ್ಟ್ಯಾಂಡಿನ ಗೇಟು ದಾಟಿ ಎಡಕ್ಕೆ ಹೊರಳುತ್ತಿತ್ತು. ಕಿಟಕಿ ಪಕ್ಕದ ಆ ಸೀಟಿನಲ್ಲಿ ಆಗಲೇ ಯಾರೋ ಕೂತು ಕಡಲೆಕಾಯಿ ಸುಲಿಯುತ್ತಿದ್ದರು.

"ನಾನೂ ಅಲ್ಲಿಗೇ ಹೋಗ್ತಿದ್ದೆ ತಮ್ಮಯ್ಯ" ಎಂದರು.

ರಾಮಣ್ಣ ಟವಲು ತೆಗೆದು ಮುಖ ಒರೆಸಿಕೊಂಡ. ಆಮೇಲೆ ತಮ್ಮಯ್ಯ ಮೆಲ್ಲಗೆ, "ಮುಂದಿನ ಬಸ್ಸು ಎಷ್ಟೊತ್ಗೆ ಸಾ?" ಎಂದ.

ಮುಂದಿನದು ಹನ್ನೊಂದಕ್ಕೆ. ಮಲ್ಪೆ ಮುಟ್ಟುವಾಗ ಐದು. ಮೇಷ್ಟ್ರು ಅನಿಲ್‌ಕುಮಾರನಿಗೆ ಫೋನು ಮಾಡಿ, ಜೀವಮಾನದಲ್ಲಿ ಮೊದಲ ಸಲ ಶಿಷ್ಯನೊಬ್ಬನ ಹತ್ತಿರ ಅಂಗಲಾಚಿದರು. "ಒಂದೇ ಒಂದು ಗಂಟೆ ನಿಲ್ಲಿಸೋಕಾಗಲ್ವೇನಪ್ಪ?"

"ಸಾ, ನಾಲ್ಕು ಗಂಟೆ ದಾಟುದ್ರೆ ಉಬ್ಬರ ಇಳಿದೋಯ್ತದೆ. ಆಮೇಲೆ ಒಳೆ ಸಮುದ್ರ ಸೇರೋ ಅಳಿವೆ ಬಾಯಲ್ಲಿ ಮರಳು ತಗುಲ್ತದೆ, ಅಡಗು ಆಚೆ ಓಗಕ್ಕಾಗಲ್ಲ. ಉಬ್ಬರ ಯಾರಿಗೂ ಕಾಯಲ್ಲ ಅಂತ ನೀವೇ ಎಂಟನೇ ಕ್ಲಾಸಲ್ಲಿ ಏಳ್ಕೊಟ್ಟಿದ್ರಿ ಸಾ." ಅವನ ಧ್ವನಿ ಒಡೆಯಿತು.

"ಸರಿಯಾಗಿ ಹೇಳಿದೆ," ಎಂದರು ಮೇಷ್ಟ್ರು. "ಪೂರ್ತಿ ಅಂಕ."

ರಾಮಣ್ಣನನ್ನು ಅರಕಲಗೂಡಿನ ಬಸ್ಸು ಹತ್ತಿಸಿ, ಸ್ಕೂಟರಿನಲ್ಲಿ ತಮ್ಮಯ್ಯನ ಬೆನ್ನಿಗೆ ಕೂತು ಹೊಳೆನರಸೀಪುರಕ್ಕೆ ವಾಪಸ್ಸು ಬರುವಾಗ ಮೇಷ್ಟ್ರು ಕೋಪ ಮಾಡಿಕೊಳ್ಳಲು ಪ್ರಾಮಾಣಿಕವಾಗಿ ಪ್ರಯತ್ನಿಸಿದರು. ಯಾರ ಮೇಲೆ? ದಿಕ್ಕು ಸರಿಯಾಗಿ ಕಂಡುಹಿಡಿದ ಹುಡುಗಿಯ ಮೇಲೆ? ರಾಕ್ಷಸರಿಂದ ಕಾಪಾಡಿದವನ ಮೇಲೆ? ಕತ್ತಲಲ್ಲೆದ್ದು ಅವರೆಕಾಳು ಸುಲಿದವಳ ಮೇಲೆ? ಬ್ಯಾಗಿಗೆ ಬೆಲ್ಟು ಕಟ್ಟಿದವನ ಮೇಲೆ? ಒಬ್ಬೊಬ್ಬರನ್ನೇ ಕರೆದು ನಿಲ್ಲಿಸಿ ನೋಡಿದರು. ಬೆಂಚಿನ ಮೇಲೆ ಹತ್ತಿಸುವಂಥವರು ಒಬ್ಬರೂ ಸಿಗಲಿಲ್ಲ. ಒಬ್ಬ ಮೇಷ್ಟ್ರು ಸಮುದ್ರ ನೋಡಲಿ ಎಂದು ನಸುಕಿನಿಂದ ಎರಡು ತಾಲ್ಲೂಕು ಓಡಾಡಿದೆ. ಎಷ್ಟು ಜನಕ್ಕೆ ಇಷ್ಟು ಭಾಗ್ಯವಿರುತ್ತದೆ? ತಮ್ಮಯ್ಯನ ಬೆನ್ನು ಆಗಾಗ ಅಲುಗುತ್ತಿತ್ತು. ರಸ್ತೆಯ ಗುಂಡಿಗೆ ಎಂದುಕೊಂಡಿದ್ದರು. ದೊಡ್ಡಗಾಡಿಯೊಂದು ಮುಂದೆ ಹೋಗಲಿ ಎಂದು ನಿಲ್ಲಿಸಿದಾಗ ನೋಡಿದರೆ ಅಳುತ್ತಿದ್ದ.

"ನನ್ನಿಂದಾನೇ ಆಯ್ತು ಸಾ."

"ಸುಮ್ನಿರಪ್ಪ. ಅಕ್ಕಿರೊಟ್ಟಿ ಚೆನ್ನಾಗಿತ್ತು" ಎಂದು ಮೇಷ್ಟ್ರು ಅವನ ಭುಜ ತಟ್ಟಿದರು.

ಮನೆಯ ಮುಂದೆ ಇಳಿದು, ಕಾಲು ತೊಳೆದುಕೊಂಡು, ಇನ್ನೇನು ಹೊಸಿಲ ಮೇಲೆ ಕಾಲಿಡಬೇಕು, ಒಳಗಿನಿಂದ ಕನಕತ್ತೆಯ ಊರುಗೋಲು ಅಡ್ಡ ಬಂತು.

"ನಿಂತ್ಕೋ ವರದ. ಗಂಟೆಲ್ಲಿ?"

"ಘಾಟಿ ಇಳಿದು ಹೋಗಿದೆ ಅತ್ತೆ. ಹಡಗು ಹತ್ತುತ್ತೆ."

"ಹಾಗಾದ್ರೆ ನೀನೂ ಘಾಟಿ ಇಳಿದು ಹೋಗಿದೀಯ. ಅರ್ಧ ದಾರೀಲಿ ಯಾತ್ರೆ ಮುರಿದು ಒಳಗೆ ಬರೋ ಹಾಗಿಲ್ಲ."

"ಅತ್ತೆ, ನಾನಿಲ್ಲೇ ನಿಂತಿದೀನಿ."

"ಅದು ನಿನಗೆ ಹಾಗೆ ಕಾಣ್ಸುತ್ತೆ" ಎಂದರು ಕನಕತ್ತೆ.

ಶರ್ವಾಣಿ ಅತ್ತೆಯ ಹಿಂದಿನಿಂದ ಗಂಡನನ್ನು ನೋಡಿದಳು. ಅವಳಿಗೆ ಅಳು, ನಗು ಎರಡೂ ಒಟ್ಟಿಗೆ ಬಂದಿತ್ತು, ಯಾವುದನ್ನು ಮೊದಲು ಬಿಡಬೇಕೆಂದು ಗೊತ್ತಾಗದೆ ಸೆರಗು ಬಾಯಿಗೆ ಹಿಡಿದಿದ್ದಳು. ಎಂಬತ್ತೆರಡು ವರ್ಷದ ಮುದುಕಿಯ ಜೊತೆ ವಾದ ಮಾಡಿ ಅವರ ರಕ್ತದೊತ್ತಡ ಏರಿಸುವುದಕ್ಕಿಂತ ಮೂರು ದಿನ ಹೊರಗಿರುವುದು ಸುಲಭವೆಂದು ಗಂಡಹೆಂಡಿರಿಬ್ಬರೂ ಕಣ್ಣಲ್ಲೇ ತೀರ್ಮಾನಿಸಿದರು. ಶಾಲೆಗಾದರೂ ಹೋಗೋಣವೆಂದು ಮೇಷ್ಟ್ರು ಫೋನು ಮಾಡಿದರೆ, ಹೆಡ್‌ಮಾಸ್ಟರು, "ನಿಮ್ಮ ಬದಲಿಗೆ ಡ್ರಿಲ್ ಮೇಷ್ಟ್ರನ್ನ ಹಾಕಿದೀವಿ. ಆರಾಮಾಗಿ ಸಮುದ್ರ ನೋಡಿ" ಎಂದು ಅವರ ಮಾತು ಕೇಳುವ ಮುಂಚೆಯೇ ಇಟ್ಟರು.

ಹೀಗೆ ವರದರಾಜ ಮೇಷ್ಟ್ರ ಮೂರು ದಿನದ ವಿಹಾರ ತಮ್ಮಯ್ಯನ ಮನೆಯ ಜಗಲಿಯ ಮೇಲೆ ಆರಂಭವಾಯಿತು. ಶರ್ವಾಣಿ ಹಾಸಿಗೆ ತಂದು ಹಾಸಿದಳು. ತಮ್ಮಯ್ಯನ ಸೊಸೆ ಫ್ಯಾನು ತಂದಿಟ್ಟಳು. ಎದುರುಮನೆಯವರು ಮಜ್ಜಿಗೆ ತಂದರು. ವಿಷಯ ಕೇಳಿದ ಬೀದಿಯ ಜನ ಒಬ್ಬೊಬ್ಬರೇ ಬಂದು ವಿಚಾರಿಸಿಕೊಂಡು, ಹೋಗದೆ, ಸುತ್ತ ಕೂತರು.

ಸಂಜೆ ಆರಕ್ಕೆ ಮೇಷ್ಟ್ರ ಫೋನು ಟಿಂಗ್ ಎಂದಿತು. ಅನಿಲ್‌ಕುಮಾರ ಫೋಟೋ ಕಳಿಸಿದ್ದ. ಹಡಗಿನ ಮೇಲ್ಗಡೆ ಸಾಲಾಗಿ ಕುರ್ಚಿಗಳು. ಇಪ್ಪತ್ತೊಂದು ಜನ ಸಮುದ್ರದ ಕಡೆ ಮುಖ ಮಾಡಿ ಕೂತಿದ್ದಾರೆ. ಇಪ್ಪತ್ತೆರಡನೆಯ ಕುರ್ಚಿಯಲ್ಲಿ ಹಣೆಗೆ ಕುಂಕುಮವಿಟ್ಟುಕೊಂಡ ನೀಲಿ ಬ್ಯಾಗು ಕೂತಿದೆ.

ಎರಡನೆಯ ಫೋಟೋದಲ್ಲಿ ಬ್ಯಾಗು ದೋಣಿಯಲ್ಲಿತ್ತು. ಮೂರನೆಯದರಲ್ಲಿ ದ್ವೀಪವೇ ಬಂದಿತ್ತು. ಕಂಬಕಂಬವಾಗಿ ಎದ್ದ ಕರಿಬಂಡೆ, ಅದರ ಕಾಲಿಗೆ ಬಿಳಿನೊರೆ, ಆಚೆ ತೆಂಗಿನ ಮರಗಳ ಹಿಂದೆ ಕೆಂಪು ಸೂರ್ಯ. ಬಂಡೆಯ ಮೇಲೆ ಬ್ಯಾಗು. ಅದರ ಅರಿಶಿನದ ದಾರ ಗಾಳಿಗೆ ಹಾರುತ್ತಿತ್ತು.

ಆ ಬೀದಿಯಲ್ಲಿ ಸಮುದ್ರ ನೋಡಿದವರು ಬಹಳ ಜನ ಇರಲಿಲ್ಲ. ಫೋನು ಕೈಯಿಂದ ಕೈಗೆ ಹೋಯಿತು. "ಕಲ್ಲು ಕಡ್ದು ನಿಲ್ಸಿದಂಗೈತಲ್ಲ ಸಾ, ಯಾರು ಮಾಡಿದ್ದು?" ಎಂದ ತಮ್ಮಯ್ಯ. ಮೇಷ್ಟ್ರು ಎದ್ದು ಕೂತರು. ಲಾವಾರಸ ಹೇಗೆ ಉಕ್ಕಿತು, ಹೇಗೆ ತಣ್ಣಗಾಯಿತು, ಏಕೆ ಹಾಗೆ ಸೀಳಿತು ಎಂದು ಹೇಳಿದರು. ಇಪ್ಪತ್ತೊಂಬತ್ತನೆಯ ಸಲ. ಇಷ್ಟು ಗಮನವಿಟ್ಟು ಯಾವ ತರಗತಿಯೂ ಕೇಳಿರಲಿಲ್ಲ. ಎರಡು ಮನೆಯಲ್ಲಿ ಹಾಲು ಉಕ್ಕಿತು, ಯಾರೂ ಏಳಲಿಲ್ಲ.

ಅನಿಲ್‌ಕುಮಾರ ಫೋನು ಮಾಡಿದ. "ಬ್ಯಾಸರ ಮಾಡ್ಕಬೇಡಿ ಸಾ. ನಿಮ್ ಎಸ್ರಲ್ಲಿ ಇದ್ದ ರೂಮನ್ನ ಬ್ಯಾಗಿಗೇ ಕೊಟ್ಟಿದೀವಿ. ಕಿಟಕಿ ಪಕ್ಕ. ಪುಳಿಯೋಗರೆ ಮಾತ್ರ ಕೆಟ್ಟೋಯ್ತದೆ ಅಂತ ನಾವೇ ತಿಂದೋ. ಕ್ಯಾಪ್ಟನ್ ಅಮ್ಮೋರಿಗೆ ಥ್ಯಾಂಕ್ಸ್ ಏಳಿದ್ರು."

"ಒಳ್ಳೇದಾಯ್ತಪ್ಪ," ಎಂದರು ಮೇಷ್ಟ್ರು. ಬಾಯಿಮಾತಿಗೆ ಹೇಳಿದ್ದಲ್ಲ.

ಜನ ಸ್ವಲ್ಪ ಕರಗಿದ ಮೇಲೆ ನಿಧಿ ಹತ್ತಿರ ಬಂದು ಕೂತಳು. ಮೇಷ್ಟ್ರು ವಾಪಸ್ಸು ಬಂದಾಗಿನಿಂದ ಅವಳ ಮುಖ ಸಪ್ಪಗಿತ್ತು. "ಸಾ, ದ್ವೀಪ ತೇಲಲ್ಲ ಅಲ್ವಾ?"

ಮೇಷ್ಟ್ರು ತಮ್ಮ ಸುತ್ತ ನೋಡಿದರು. ಬಲಕ್ಕೆ ಎದುರುಮನೆಯ ಮಜ್ಜಿಗೆ ಚೆಂಬು, ಎಡಕ್ಕೆ ಫ್ಯಾನಿನ ವೈರು ಹಿಡಿದು ಕೂತ ತಮ್ಮಯ್ಯ, ಕಾಲ ಬಳಿ ಇನ್ನೂ ಫೋಟೋ ನೋಡುತ್ತಿದ್ದ ನಾಲ್ಕು ಹೆಂಗಸರು, ಹಿಂದೆ ಬಾಗಿಲಲ್ಲಿ ಊಟದ ತಟ್ಟೆ ಹಿಡಿದ ಸೊಸೆ. ಅಲುಗಾಡಲು ಜಾಗವಿರಲಿಲ್ಲ.

"ತೇಲಲ್ಲ ಕಣಮ್ಮ. ಬೇಕು ಅಂದ್ರೂ ಎಲ್ಲಿಗೂ ಹೋಗೋಕಾಗಲ್ಲ ಅದಕ್ಕೆ. ತಳದಲ್ಲಿ ಭದ್ರವಾಗಿ ಹಿಡ್ಕೊಂಡಿರ್ತಾರೆ."

"ನೀವು ನೋಡಿದ್ದೀರಾ ಸಾ?"

"ಬೆಳಗಿಂದ ನೋಡ್ತಾನೇ ಇದೀನಿ" ಎಂದು ಮೇಷ್ಟ್ರು ನಕ್ಕರು. ನಿಧಿಗೆ ಏನೂ ಅರ್ಥವಾಗದಿದ್ದರೂ ಮೇಷ್ಟ್ರು ನಕ್ಕರಲ್ಲ ಎಂದು ಅವಳೂ ನಕ್ಕಳು.

ಅಷ್ಟರಲ್ಲಿ ಊರುಗೋಲು ಊರಿಕೊಂಡು ಕನಕತ್ತೆಯೇ ಬಂದರು. ಕೈಯಲ್ಲಿ ಪಂಚಾಂಗ. ಫೋಟೋ ತೋರಿಸು ಎಂದರು. ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಬಹಳ ಹೊತ್ತು ನೋಡಿದರು. ಅಳಿಯನ ತಲೆ ಸವರಿದರು. "ಎಷ್ಟು ಚೆನ್ನಾಗಿದೆಯೋ. ನನ್ನ ಆಯುಸ್ಸಿನಲ್ಲಿ ನೋಡ್ತೀನಿ ಅಂದ್ಕೊಂಡಿರಲಿಲ್ಲ" ಎಂದರು. ಮೇಷ್ಟ್ರಿಗೆ ಕಣ್ಣು ತುಂಬಿತು. ಈ ಒಂದು ಮಾತಿಗೆ ಮೂರು ದಿನ ಜಗಲಿಯಲ್ಲಿ ಮಲಗಬಹುದು ಎನಿಸಿತು.

ಕನಕತ್ತೆ ಇನ್ನೊಮ್ಮೆ ಫೋಟೋ ಹತ್ತಿರ ಹಿಡಿದುಕೊಂಡರು. "ಇದರಲ್ಲಿ ದಡ ಎಲ್ಲೋ ಕಾಣ್ತಾ ಇಲ್ವಲ್ಲ."

"ಹಿಂದೆ ಇರುತ್ತೆ ಅತ್ತೆ."

"ಕಾಣ್ತಾ ಇಲ್ಲ. ಹಾಗಾದ್ರೆ ಪೂರ್ತಿ ದೋಷ." ಪಂಚಾಂಗ ತಿರುವಿದರು. "ಶುಕ್ರವಾರ ಗಂಟು ಬಂದ ಮೇಲೆ ಪ್ರಾಯಶ್ಚಿತ್ತ ಆಗ್ಬೇಕು. ನಸುಕಿನಲ್ಲಿ ತಣ್ಣೀರು ಸ್ನಾನ, ಆಮೇಲೆ ಪಂಚಗವ್ಯ. ತಮ್ಮಯ್ಯ, ನಿಮ್ಮ ಹಸು ಗಂಜಲ ಒಂದು ಚೊಂಬು ಹಿಡಿದಿಡಪ್ಪ."

"ಒಂದ್ಯಾಕಮ್ಮ, ಎಲ್ಡು ಇಡಿದಿಡ್ತೀನಿ" ಎಂದ ತಮ್ಮಯ್ಯ, ಕೊನೆಗೂ ಸರಿಯಾದ ಸಹಾಯವೊಂದು ಸಿಕ್ಕಿತೆಂಬ ಸಂತೋಷದಲ್ಲಿ.

ಮೇಷ್ಟ್ರು ಕೈಯಲ್ಲಿದ್ದ ಮಜ್ಜಿಗೆ ಲೋಟ ಕೆಳಗಿಟ್ಟರು. "ಅತ್ತೆ, ಸಮುದ್ರಕ್ಕೆ ಹೋಗಿರೋದು ಬ್ಯಾಗು. ಪ್ರಾಯಶ್ಚಿತ್ತ ಯಾರಿಗೆ?"

ಕನಕತ್ತೆ ಅವರನ್ನು ಅಪಾರ ಕರುಣೆಯಿಂದ ನೋಡಿದರು.

"ಬ್ಯಾಗು ಕುಡಿಯುತ್ತೇನೋ, ಪೆದ್ದ" ಎಂದರು.